ಇಬ್ಬರು ಮಂಜುನಾಥರು, ಒಂದು ಸಿಟಿ ಸ್ಕ್ಯಾನ್

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ಮಾತು ನಂಬಿದರೆ ಮೈಸೂರು ಸೀಮೆಯ ಅರ್ಧ ಜನ ಹುಟ್ಟಿದ್ದು ಜೂನ್ 1ನೇ ತಾರೀಕು. ಕಾರಣ ನಿಮಗೂ ಗೊತ್ತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ತಾರೀಕು ಅದು. ಆಮೇಲೆ ಅದೇ ಆಧಾರ್‌ಗೆ ಹೋಯಿತು, ಆಧಾರ್‌ನಿಂದ ಆಸ್ಪತ್ರೆಗೆ ಬಂತು. ಮನೆಯಲ್ಲಿ ಕೇಳಿದರೆ "ಆವತ್ತು ಜೋರು ಮಳೆ, ಶ್ರಾವಣ ಇರಬೇಕು" ಅನ್ನುತ್ತಾರೆ. ನಾನೂ ಇದನ್ನು ತಮಾಷೆ ಅಂದುಕೊಂಡಿದ್ದೆ, ಈ ಕೆಲಸಕ್ಕೆ ಬರುವ ತನಕ. ಹೆಸರು ಮಂಜುನಾಥ, ವಯಸ್ಸು 52, ಹುಟ್ಟಿದ್ದು ಜೂನ್ 1. ಇಂಥವರು ಒಂದೇ ಬೆಳಿಗ್ಗೆ ಇಬ್ಬರು ಬಂದು ಸಿಟಿ ಸ್ಕ್ಯಾನ್ ಕೋಣೆಯ ಹೊರಗೆ ಒಂದೇ ಬೆಂಚಿನ ಮೇಲೆ ಕೂತರೆ ಏನಾಗಬಾರದೋ ಅದೇ ಆಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ನಾನು ಪ್ಯಾಕ್ಸ್ ಅಡ್ಮಿನ್. ಎಕ್ಸ್‌ರೇ, ಸಿಟಿ, ಎಂಆರ್‌ಐ, ಅಲ್ಟ್ರಾಸೌಂಡ್, ಎಲ್ಲದರ ಚಿತ್ರಗಳೂ ಒಂದು ಸರ್ವರ್‌ಗೆ ಬಂದು ಕೂರುತ್ತವೆ, ಅಲ್ಲಿಂದ ರೇಡಿಯಾಲಜಿಸ್ಟ್ ಮೇಜಿಗೆ, ಐಸಿಯುಗೆ, ಆಪರೇಷನ್ ಥಿಯೇಟರ್‌ಗೆ ಹೋಗುತ್ತವೆ. ಈ ಇಡೀ ವ್ಯವಸ್ಥೆಗೆ ಪ್ಯಾಕ್ಸ್ ಅನ್ನುತ್ತಾರೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಚಿಕ್ಕಪ್ಪನಿಗೆ ಎರಡು ಸಲ ಬಿಡಿಸಿ ಹೇಳಿದೆ. ಅವರು ಊರೆಲ್ಲ "ಹುಡುಗ ಆಸ್ಪತ್ರೇಲಿ ಫ್ಯಾಕ್ಸ್ ಕಳಿಸ್ತಾನೆ" ಅಂತ ಹೇಳಿಟ್ಟಿದ್ದಾರೆ. ನಾನೂ ಸುಮ್ಮನಾದೆ.

ಕೆಲವು ಜೂನಿಯರ್‌ಗಳು "ಅಣ್ಣಾ, ಈ ಲೈನಿಗೆ ಬರೋದು ಹೇಗೆ" ಅಂತ ಮೆಸೇಜ್ ಮಾಡುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಟೈಪ್ ಮಾಡಿ ಬೆರಳು ನೋವು ಬಂತು, ಅದಕ್ಕೇ ಇದು.

ನಾನು ದಾವಣಗೆರೆ ಕಡೆಯವನು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಬಿಎಸ್ಸಿ ಇಮೇಜಿಂಗ್ ಟೆಕ್ನಾಲಜಿ ಓದಿದೆ. ನಮಗೆ ಆಗ ಪ್ಯಾಕ್ಸ್ ಅಂದರೆ ಪರೀಕ್ಷೆಯಲ್ಲಿ ಬಂದರೂ ಬರಬಹುದಾದ ಐದು ಮಾರ್ಕಿನ ಪ್ರಶ್ನೆ. ನಾಲ್ಕು ವರ್ಷ ಸಿಟಿ ಟೆಕ್ನಿಷಿಯನ್ ಆಗಿದ್ದೆ. ಪ್ಯಾಕ್ಸ್ ನೋಡಿಕೊಳ್ಳುತ್ತಿದ್ದವರು ಗಲ್ಫ್‌ಗೆ ಹೊರಟರು. ನಮ್ಮ ರೇಡಿಯಾಲಜಿ ಮೇಡಂ ಕಾರಿಡಾರ್‌ನಲ್ಲಿ ನಿಲ್ಲಿಸಿ "ನಿನಗೆ ಕಂಪ್ಯೂಟರ್ ಸ್ವಲ್ಪ ಬರುತ್ತಲ್ವಾ, ನೋಡ್ಕೋ" ಅಂದರು. ಅಷ್ಟೇ ನನ್ನ ಇಂಟರ್‌ವ್ಯೂ. ಹೊರಟವರು ಕೈಗೆ ಕೊಟ್ಟಿದ್ದು ಒಂದು ನೋಟ್‌ಬುಕ್. ಅದರಲ್ಲಿ ಪೆನ್ಸಿಲ್‌ನಲ್ಲಿ ಬರೆದ ಐಪಿ ಅಡ್ರೆಸ್‌ಗಳು, ಅರ್ಧ ಅಳಿಸಿಹೋಗಿದ್ದವು.

ಮೊದಲ ತಿಂಗಳು ಒಂದು ಹೊಸ ಅಲ್ಟ್ರಾಸೌಂಡ್ ಮೆಷಿನ್ ಬಂತು. ಅದನ್ನು ಸರ್ವರ್‌ಗೆ ಜೋಡಿಸಬೇಕು. ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಅಂದರೆ ತಂತಿ ಸರಿ ಇದೆ, ನೆಟ್‌ವರ್ಕ್ ಸರಿ ಇದೆ. ಆದರೆ ಡೈಕಾಮ್ ಎಕೋ ಕಳಿಸಿದರೆ ಸರ್ವರ್ ಒಪ್ಪುತ್ತಿಲ್ಲ. ಈ ಎಕೋ ಅನ್ನುವುದು ಬಾಗಿಲು ಬಡಿದು "ನಾನು ಬಂದಿದೀನಿ, ಗುರುತು ಸಿಕ್ತಾ" ಅಂತ ಕೇಳಿದ ಹಾಗೆ. ಮೂರು ಗಂಟೆ ಒದ್ದಾಡಿದೆವು. ಕಂಪನಿ ಇಂಜಿನಿಯರ್ ಸರ್ವರ್ ಮೇಲೆ ತಪ್ಪು ಹಾಕಿದ, ನಾನು ಮೆಷಿನ್ ಮೇಲೆ ಹಾಕಿದೆ, ಇಬ್ಬರೂ ಸೇರಿ ಐಟಿಯವರ ಫೈರ್‌ವಾಲ್ ಮೇಲೆ ಹಾಕಿದೆವು. ಕೊನೆಗೆ ನೋಡಿದರೆ ಪ್ರತಿ ಮೆಷಿನ್‌ಗೂ ಕೊಡುವ ಎಇ ಟೈಟಲ್ ಅಂತ ಒಂದು ಹೆಸರಿದೆ, ಹೆಚ್ಚೆಂದರೆ 16 ಅಕ್ಷರ, ಅದರಲ್ಲಿ ಒಂದು ಅಕ್ಷರ ನಾನು ದೊಡ್ಡದು ಹಾಕಿದ್ದೆ, ಅವನು ಸಣ್ಣದು ಹಾಕಿದ್ದ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರದ ತಂಟೆಯೇ ಇಲ್ಲ ನೋಡಿ, ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆವತ್ತಿನಿಂದ ಎಲ್ಲ ಹೆಸರುಗಳನ್ನೂ ದೊಡ್ಡಕ್ಷರದಲ್ಲೇ ಇಡುತ್ತೇನೆ.

ಡೈಕಾಮ್ ಅಂದೆ. ಈ ಕೆಲಸದ ಬೇರು ಇದೇ. ಒಂದು ಕಾಲದಲ್ಲಿ ಒಂದೊಂದು ಫೋನಿಗೆ ಒಂದೊಂದು ಥರ ಚಾರ್ಜರ್ ಇತ್ತಲ್ಲ, ನೋಕಿಯಾದ್ದು ಬೇರೆ, ಸ್ಯಾಮ್‌ಸಂಗ್‌ದು ಬೇರೆ, ಸ್ಕ್ಯಾನ್ ಮೆಷಿನ್‌ಗಳೂ ಹಾಗೇ ಇದ್ದವು. ಒಂದು ಕಂಪನಿಯ ಚಿತ್ರ ಇನ್ನೊಂದು ಕಂಪನಿಯ ಕಂಪ್ಯೂಟರ್‌ನಲ್ಲಿ ತೆರೆಯುತ್ತಿರಲಿಲ್ಲ. 1983ರಲ್ಲಿ ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘವೂ ಮೆಷಿನ್ ತಯಾರಕರ ಸಂಘವೂ ಎಲ್ಲ ಕಂಪನಿಗೂ ಒಂದೇ ನಿಯಮ ಮಾಡೋಣ ಅಂತ ಒಟ್ಟಿಗೆ ಕೂತವು. 1985ರಲ್ಲಿ ಆ ನಿಯಮದ ಮೊದಲ ಆವೃತ್ತಿ ಬಂತು, 1993ರ ಹೊತ್ತಿಗೆ ಅದಕ್ಕೆ ಡೈಕಾಮ್ ಅನ್ನುವ ಹೆಸರಾಯಿತು. ಇವತ್ತು ಮೈಸೂರಿನಲ್ಲಿ ತೆಗೆದ ಎಂಆರ್‌ಐಯನ್ನು ಬೆಂಗಳೂರಿನ ಡಾಕ್ಟರು ಯಾವ ಕಂಪನಿಯ ಮೆಷಿನ್ ಅಂತ ಕೇಳದೆ ನೋಡುತ್ತಾರೆ ಅಂದರೆ ಅದಕ್ಕೆ ಕಾರಣ ಇದು.

ಡೈಕಾಮ್ ಫೈಲ್ ಅಂದರೆ ಬರೀ ಚಿತ್ರ ಅಲ್ಲ. ಚಿತ್ರದ ಹೊಟ್ಟೆಯೊಳಗೇ ರೋಗಿಯ ಹೆಸರು, ನಂಬರು, ತಾರೀಕು ಎಲ್ಲ ಇರುತ್ತದೆ. 0010,0010 ಅನ್ನುವ ಜಾಗದಲ್ಲಿ ಹೆಸರು. 0010,0020ರಲ್ಲಿ ರೋಗಿಯ ನಂಬರು. 0008,0050ರಲ್ಲಿ ಆ ಒಂದು ಸ್ಕ್ಯಾನಿನ ಆರ್ಡರ್ ನಂಬರು. ಈ ಮೂರನ್ನು ನಾನು ನಿದ್ದೆಯಲ್ಲೂ ಹೇಳುತ್ತೇನೆ. ದಿನದ ಅರ್ಧ ಕೆಲಸ ಈ ಮೂರರ ಸುತ್ತಲೇ.

ಯಾಕೆಂದರೆ ಹೆಸರು ಅನ್ನುವುದು ನಮ್ಮಲ್ಲಿ ದೊಡ್ಡ ತಲೆನೋವು. ಡೈಕಾಮ್‌ನಲ್ಲಿ ಯೂನಿಕೋಡ್‌ಗೆ ಅವಕಾಶ ಇದೆ, ಕನ್ನಡದಲ್ಲೇ ಹೆಸರು ಬರೆಯಬಹುದು. ಆದರೆ ನಮ್ಮಲ್ಲಿರುವ ಹಳೇ ಮೆಷಿನ್‌ಗಳಿಗೆ ಕನ್ನಡ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಹಾಗಾಗಿ ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಲಕ್ಷ್ಮಿಯನ್ನು ಒಬ್ಬರು ಎಕ್ಸ್ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಕೆ ಎಸ್ ಎಚ್ ಹಾಕುತ್ತಾರೆ, ಕೊನೆಗೆ ಒಬ್ಬರದು ಐ, ಒಬ್ಬರದು ಎರಡು ಇ. ಹೋದ ವರ್ಷದ ಸ್ಕ್ಯಾನ್ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಅದು ಬೇರೆ ಲಕ್ಷ್ಮಿ. ಅವರಿಗೆ ಮಗು ಹುಟ್ಟಿದರೆ ಅದು 'ಬೇಬಿ ಆಫ್ ಲಕ್ಷ್ಮಿ'. ಅವಳಿ ಆದರೆ ಬೇಬಿ ಒಂದು, ಬೇಬಿ ಎರಡು. ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ಐಸಿಯುನಲ್ಲಿ, ತೆಗೆದ ಎಕ್ಸ್‌ರೇ ಎಲ್ಲ ಆ ಹೆಸರಲ್ಲಿ. ನಾಮಕರಣ ಆದ ಮೇಲೆ ಆಸ್ಪತ್ರೆಯ ಮುಖ್ಯ ಸಾಫ್ಟ್‌ವೇರ್‌ನಲ್ಲಿ ಹೆಸರು ಬದಲಾಗುತ್ತದೆ. ಆ ಬದಲಾವಣೆ ಎಚ್‌ಎಲ್7 ಅನ್ನುವ, ಆಸ್ಪತ್ರೆಯ ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಕಳಿಸುವ ಮೆಸೇಜ್ ಆಗಿ ಪ್ಯಾಕ್ಸ್‌ಗೆ ಬರಬೇಕು. ಬರದಿದ್ದರೆ ಆ ಮಗು ಐದನೇ ವರ್ಷದಲ್ಲೂ ನಮ್ಮಲ್ಲಿ ಬೇಬಿ ಎರಡು.

ಈಗ ಮಂಜುನಾಥರು. ಒಬ್ಬರಿಗೆ ಕಿಡ್ನಿ ಕಲ್ಲಿನ ನೋವು. ಇನ್ನೊಬ್ಬರಿಗೆ ಹಿಂದಿನ ವರ್ಷ ಪಿತ್ತಕೋಶ ತೆಗೆದಿತ್ತು, ಮತ್ತೆ ಹೊಟ್ಟೆನೋವು ಅಂತ ಬಂದಿದ್ದರು. ಇಬ್ಬರಿಗೂ ಹೊಟ್ಟೆಯ ಸಿಟಿ. ರಿಜಿಸ್ಟ್ರೇಷನ್ ಕೌಂಟರ್‌ನಲ್ಲಿ ಇನಿಷಿಯಲ್ ಹಾಕಿರಲಿಲ್ಲ. ಸಿಟಿ ಮೆಷಿನ್‌ನ ಪಟ್ಟಿಯಲ್ಲಿ ಎರಡು ಸಾಲು, ಒಂದರ ಕೆಳಗೊಂದು, ನಂಬರ್ ಬಿಟ್ಟರೆ ಎಲ್ಲ ಒಂದೇ. ಟೆಕ್ನಿಷಿಯನ್ ಬಾಗಿಲಿಗೆ ಬಂದು "ಮಂಜುನಾಥ ಯಾರು?" ಅಂದ. ಕಲ್ಲಿನವರು ಎದ್ದರು. ಅವನು ಮೇಲಿನ ಸಾಲು ಒತ್ತಿದ. ಅದು ಇನ್ನೊಬ್ಬರದು.

ಅರ್ಧ ಗಂಟೆ ಬಿಟ್ಟು ನನಗೆ ಮೇಡಂ ಫೋನು. "ಏನಯ್ಯಾ, ತೆಗೆದ ಗಾಲ್‌ಬ್ಲಾಡರ್ ಮತ್ತೆ ಬೆಳೆಯುತ್ತಾ?"

ಅವರು ಹಳೇ ಸ್ಕ್ಯಾನನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಹಳೆಯದರಲ್ಲಿ ಪಿತ್ತಕೋಶ ಇಲ್ಲ, ಆ ಜಾಗದಲ್ಲಿ ಹೊಲಿಗೆಯ ಕ್ಲಿಪ್ ಹೊಳೆಯುತ್ತಿದೆ. ಹೊಸದರಲ್ಲಿ ಪಿತ್ತಕೋಶ ಆರಾಮಾಗಿ ಕೂತಿದೆ, ಜೊತೆಗೆ ಎಡ ಕಿಡ್ನಿಯಲ್ಲಿ ಒಂದು ಕಲ್ಲು. ಪುಣ್ಯಕ್ಕೆ ಹಳೇ ಸ್ಕ್ಯಾನ್ ಪ್ಯಾಕ್ಸ್‌ನಲ್ಲಿ ಇತ್ತು. ಇಲ್ಲದಿದ್ದರೆ ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ.

ಹೆಸರು ಬದಲಾಯಿಸಿದರೆ ಮುಗೀತಲ್ಲ ಅಂತ ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಷ್ಟರಲ್ಲಿ ಚಿತ್ರಗಳು ಸರ್ವರ್‌ನಿಂದ ಯೂರಾಲಜಿ ಒಪಿಡಿಯ ಕಂಪ್ಯೂಟರ್‌ಗೆ ಹೋಗಿದ್ದವು, ಬ್ಯಾಕಪ್‌ಗೆ ಒಂದು ಪ್ರತಿ ಹೋಗಿತ್ತು, ಕೌಂಟರ್‌ನಲ್ಲಿ ಒಂದು ಸಿಡಿಯೂ ಆಗಿತ್ತು. ಮೊದಲು ರಿಪೋರ್ಟ್ ತಡೆದೆ. ಇಬ್ಬರು ಡಾಕ್ಟರಿಗೂ ಫೋನ್ ಮಾಡಿದೆ. ಬೈಗುಳ ತಿಂದೆ. ನಂಬರ್, ಆರ್ಡರ್ ನಂಬರ್ ಎರಡೂ ಸರಿ ಮಾಡಿ, ಪ್ರತಿ ಇರುವ ಕಡೆಯೆಲ್ಲ ಹಳೆಯದನ್ನು ತೆಗೆಸಿದೆ. ಯಾರು, ಯಾವಾಗ, ಯಾಕೆ ಬದಲಾಯಿಸಿದರು ಅಂತ ಬರೆದಿಟ್ಟೆ. ಆಮೇಲೆ ಸಿಡಿ. ಕಲ್ಲಿನ ಮಂಜುನಾಥರು ಊರಿನ ಡಾಕ್ಟರಿಗೆ ತೋರಿಸುತ್ತೇನೆ ಅಂತ ಸಿಡಿ ಹಿಡಿದು ಹೊರಟಾಗಿತ್ತು. ಆಟೋ ಹತ್ತಿ ಸಬರ್ಬನ್ ಬಸ್ ಸ್ಟ್ಯಾಂಡ್‌ಗೆ ಓಡಿದೆ. ಹುಣಸೂರು ಬಸ್ಸಿನ ಹತ್ತಿರ ಕಡ್ಲೆಕಾಯಿ ತಿನ್ನುತ್ತಾ ನಿಂತಿದ್ದರು. ಸಿಡಿ ತಪ್ಪಾಗಿದೆ, ವಾಪಸ್ ಕೊಡಿ ಅಂದರೆ ಕವರ್ ಮೇಲಿನ ಹೆಸರು ತೋರಿಸಿ "ನಂದೇ ಹೆಸ್ರು ಐತಲ್ಲ ಸಾ" ಅಂದರು. ಬಸ್ ಹೊರಡುವುದರೊಳಗೆ ಪಿತ್ತಕೋಶದ ಕಥೆ ಪೂರ್ತಿ ಹೇಳಬೇಕಾಯಿತು. ಅಕ್ಕಪಕ್ಕದವರೂ ಕೇಳಿಸಿಕೊಂಡರು.

ಅವತ್ತಿನಿಂದ ನಮ್ಮಲ್ಲಿ ಯಾರೂ "ನೀವು ಮಂಜುನಾಥಾನಾ?" ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ನೋವಲ್ಲಿರುವವರು ಯಾವ ಹೆಸರಿಗೂ ಹೂಂ ಅಂದುಬಿಡುತ್ತಾರೆ. ನಿಮ್ಮ ಹೆಸರೇನು, ತಂದೆ ಹೆಸರೇನು, ಯಾವೂರು, ಅವರ ಬಾಯಿಂದಲೇ ಬರಬೇಕು. ಆಮೇಲೆ ಚೀಟಿಯ ನಂಬರ್ ಸ್ಕ್ರೀನಿನ ನಂಬರ್ ಜೊತೆ ತಾಳೆ ನೋಡಬೇಕು.

ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಅಂದರೆ, ಕೆಲಸಕ್ಕೆ ಬರುವವರು ಸರ್ವರ್, ಕ್ಲೌಡ್, ಎಐ ಅಂತ ಕೇಳುತ್ತಾರೆ, ಈ ಬೆಂಚಿನ ಬಗ್ಗೆ ಯಾರೂ ಕೇಳುವುದಿಲ್ಲ. ಟೆಕ್ನಿಷಿಯನ್ ಆಗಿ ಬಂದವರಿಗೆ ಇದು ಗೊತ್ತಿರುತ್ತದೆ, ಅವರು ಕಂಪ್ಯೂಟರ್ ಕಲಿತರೆ ಆಯಿತು. ಬಿಸಿಎ, ಬಿಇ ಮಾಡಿ ಬಂದವರು ಬುದ್ಧಿವಂತರೇ, ಆದರೆ ಮೊದಲ ಎರಡು ವಾರ ಸುಮ್ನೆ ಸಿಟಿ ಕನ್ಸೋಲ್ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂರಿ ಅಂತ ನಾನು ಹೇಳುತ್ತೇನೆ. ಕೇಳಿದವರು ಉಳಿದಿದ್ದಾರೆ.

ಕಲಿಯೋದು ಏನು ಅಂದರೆ, ಮೊದಲು ನೆಟ್‌ವರ್ಕ್ ಅಆಇಈ. ಸ್ವಲ್ಪ ಎಸ್‌ಕ್ಯುಎಲ್, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ. ಲಿನಕ್ಸ್ ಹೆದರಿಕೆ ಹೋಗಬೇಕು. ಡೈಕಾಮ್ ಕಲಿಯಲು ಪುಸ್ತಕಕ್ಕಿಂತ ಆರ್ಥಾಂಕ್ ಒಳ್ಳೆಯದು. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶುರುವಾಗಿ 2012ರಲ್ಲಿ ಹೊರಬಂದ ಪುಟ್ಟ ಡೈಕಾಮ್ ಸರ್ವರ್ ಅದು, ಪೂರ್ತಿ ಉಚಿತ. ನಾನು ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಎರಡು ಆರ್ಥಾಂಕ್ ಹಾಕಿ ಒಂದರಿಂದ ಇನ್ನೊಂದಕ್ಕೆ ಚಿತ್ರ ಕಳಿಸುತ್ತಿದ್ದೆ. ಬೇಕಂತಲೇ ಪೋರ್ಟ್ ತಪ್ಪು ಹಾಕುವುದು, ಹೆಸರು ತಪ್ಪು ಹಾಕುವುದು, ಏನು ಎರರ್ ಬರುತ್ತದೆ ಬರೆದುಕೊಳ್ಳುವುದು. ರಾತ್ರಿ ಎರಡು ಗಂಟೆಗೆ ಅದೇ ಎರರ್ ಆಸ್ಪತ್ರೆಯಲ್ಲಿ ಬಂದಾಗ ಆ ಪಟ್ಟಿ ಕೈ ಹಿಡಿಯಿತು. ಅಭ್ಯಾಸಕ್ಕೆ ಚಿತ್ರ ಬೇಕಿದ್ದರೆ ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್‌ನಲ್ಲಿ ಹೆಸರು ಅಳಿಸಿದ ಸ್ಕ್ಯಾನ್‌ಗಳು ಉಚಿತವಾಗಿ ಸಿಗುತ್ತವೆ. ಆಸ್ಪತ್ರೆಯ ರೋಗಿಗಳದ್ದನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ತರಬೇಡಿ. ಒಬ್ಬ ಹುಡುಗ ತಂದಿದ್ದ, ಈಗ ಅವನು ಬೇರೆ ಕೆಲಸದಲ್ಲಿದ್ದಾನೆ.

ಲೆಕ್ಕವೂ ಬರಬೇಕು. ಸಿಟಿಯ ಒಂದು ಸ್ಲೈಸ್ ಅಂದರೆ ಸಾಮಾನ್ಯವಾಗಿ 512 ಗುಣಿಸು 512 ಚುಕ್ಕಿ, ಚುಕ್ಕಿಗೆ ಎರಡು ಬೈಟ್, ಅಂದರೆ ಅರ್ಧ ಎಂಬಿ. ಆಕ್ಸಿಡೆಂಟ್ ಕೇಸಿಗೆ ತಲೆಯಿಂದ ಕಾಲಿನ ತನಕ ತೆಗೆದರೆ ಎರಡು ಸಾವಿರ ಸ್ಲೈಸ್ ಸಲೀಸು. ಒಬ್ಬರದ್ದೇ ಒಂದು ಜಿಬಿ. ಮ್ಯಾನೇಜ್‌ಮೆಂಟ್ ಮೀಟಿಂಗಿನಲ್ಲಿ ಡಿಸ್ಕ್ ಬೇಕು ಅಂದರೆ ಯಾರೂ ಕೊಡುವುದಿಲ್ಲ, ಈ ಲೆಕ್ಕ ಬರೆದು ಇಂಥ ತಿಂಗಳು ಡಿಸ್ಕ್ ತುಂಬುತ್ತದೆ ಅಂತ ತೋರಿಸಿದರೆ ಕೊಡುತ್ತಾರೆ.

ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಅಮೆರಿಕದ ಎಬಿಐಐ ಅನ್ನುವ ಇಮೇಜಿಂಗ್ ಇನ್‌ಫಾರ್ಮ್ಯಾಟಿಕ್ಸ್ ಮಂಡಳಿ ಕೊಡುವ ಸಿಐಐಪಿ ಸರ್ಟಿಫಿಕೇಟ್‌ಗೆ ಬೆಲೆ ಇದೆ, ಆದರೆ ಫೀಸು ಡಾಲರ್‌ನಲ್ಲಿ. ಇಲ್ಲಿ ಮೊದಲ ಕೆಲಸಕ್ಕೆ ಅದನ್ನು ಯಾರೂ ಕೇಳಿದ್ದು ನಾನು ನೋಡಿಲ್ಲ. ಹೊರದೇಶಕ್ಕೆ ಹೋಗುವ ಯೋಚನೆ ಇದ್ದರೆ ಮಾಡಿ, ಇಲ್ಲದಿದ್ದರೆ ಆ ದುಡ್ಡಿಗೆ ಒಳ್ಳೇ ಲ್ಯಾಪ್‌ಟಾಪ್ ತಗೊಳ್ಳಿ. ಆಸ್ಪತ್ರೆಗಳು ಬಿಟ್ಟರೆ ಮೆಷಿನ್ ಕಂಪನಿಗಳಲ್ಲಿ ಕೆಲಸ ಇದೆ, ಟೆಲಿರೇಡಿಯಾಲಜಿಯಲ್ಲಿ ಇದೆ. ಅಮೆರಿಕದ ರಾತ್ರಿಪಾಳಿಯ ಸ್ಕ್ಯಾನ್‌ಗಳನ್ನು ಇಲ್ಲಿ ಹಗಲಲ್ಲಿ ಓದಿ ಕಳಿಸುವ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಬೆಂಗಳೂರಿನಲ್ಲಿ 2002ರಲ್ಲೇ ಶುರುವಾಗಿತ್ತು. ಸಂಬಳ ಶುರುವಿನಲ್ಲಿ ಟೆಕ್ನಿಷಿಯನ್‌ಗಿಂತ ಸ್ವಲ್ಪ ಮೇಲೆ, ಅಷ್ಟೇ. ಸಾಫ್ಟ್‌ವೇರ್ ಗೆಳೆಯರ ಜೊತೆ ಹೋಲಿಸಿಕೊಂಡರೆ ಊಟ ಸೇರುವುದಿಲ್ಲ.

ಇನ್ನೊಂದು ವಿಷಯ, ಇದರಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. 2019ರಲ್ಲಿ ಜರ್ಮನಿಯ ಗ್ರೀನ್‌ಬೋನ್ ಅನ್ನುವ ಸಂಸ್ಥೆ ಹುಡುಕಿ ನೋಡಿದಾಗ ಪಾಸ್‌ವರ್ಡ್ ಕೂಡ ಇಲ್ಲದೆ ಇಂಟರ್‌ನೆಟ್‌ಗೆ ಬಾಗಿಲು ತೆರೆದಿಟ್ಟ ನೂರಾರು ಪ್ಯಾಕ್ಸ್ ಸರ್ವರ್‌ಗಳು ಸಿಕ್ಕಿದ್ದವು. ಭಾರತದ್ದೂ ಅದರಲ್ಲಿದ್ದವು. ಹೇಗಾಗುತ್ತದೆ ಅಂದರೆ, ಯಾರೋ ದೊಡ್ಡ ಡಾಕ್ಟರಿಗೆ ಮನೆಯಿಂದ ನೋಡಬೇಕು, ಅರ್ಜೆಂಟ್, ಯಾರೋ ರೂಟರ್‌ನಲ್ಲಿ ಡೈಕಾಮ್ ಬಳಸುವ 104ನೇ ಪೋರ್ಟ್ ತೆರೆದುಕೊಡುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ವಿಪಿಎನ್ ಹಾಕಿ, ಅಂದರೆ ಹೊರಗಿನಿಂದ ಬರುವವರಿಗೆ ಬೀಗ ಇರುವ ಖಾಸಗಿ ದಾರಿ. ಬೈದರೂ ಪರವಾಗಿಲ್ಲ, ಹಾಕಿ.

ಉಳಿದಂತೆ ದಿನನಿತ್ಯದ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಪಾಸ್‌ವರ್ಡ್ ಮರೆತವರು. ತೆರೆಯದ ಸಿಡಿ. ಮತ್ತೆ ಫಿಲಂ ಪ್ರಿಂಟರ್. ಪ್ಯಾಕ್ಸ್ ಬಂದರೆ ಫಿಲಂ ಹೋಗುತ್ತದೆ ಅಂತ ಓದಿದ್ದೆವು. ಹೋಗಿಲ್ಲ. ಹಳ್ಳಿಯಿಂದ ಬಂದವರಿಗೆ ಆ 14 ಗುಣಿಸು 17 ಇಂಚಿನ ಕಪ್ಪು ಹಾಳೆ ಕೈಗೆ ಸಿಕ್ಕಿದರೇ ಸ್ಕ್ಯಾನ್ ಆಯಿತು ಅಂತ ಅರ್ಥ, ದುಡ್ಡು ಕೊಟ್ಟಿದ್ದಾರೆ, ಏನಾದರೂ ಕಾಣಬೇಕಲ್ಲ. ತಾಲ್ಲೂಕಿನ ಡಾಕ್ಟರೂ ಅದನ್ನು ಕಿಟಕಿಗೆ ಹಿಡಿದೇ ನೋಡುತ್ತಾರೆ, ಅವರ ಟೇಬಲ್ ಮೇಲೆ ಸಿಡಿ ಡ್ರೈವ್ ಎಲ್ಲಿಂದ ಬರಬೇಕು.

ಹೋದ ವಾರ ಕಲ್ಲಿನ ಮಂಜುನಾಥರು ಮತ್ತೆ ಸ್ಕ್ಯಾನಿಗೆ ಬಂದಿದ್ದರು. ನಮ್ಮ ಹುಡುಗ ಹೊಸ ನಿಯಮದಂತೆ ಹೆಸರು, ತಂದೆ ಹೆಸರು, ಊರು ಅಂತ ಬಾಯಿ ತೆಗೆಯುವ ಮೊದಲೇ ಅವರು ಬೆಂಚಿನಿಂದ ಎದ್ದು ನಿಂತು, "ನಾನು ಪಿತ್ತಕೋಶ ಇರೋ ಮಂಜುನಾಥ ಕಣ್ ಸಾ" ಅಂದರಂತೆ.