ಉದ್ದ ವಾಕ್ಯವನ್ನು ಮೆಟ್ಟಿಲು ಮಾಡಿ ಓದುವುದು

ಸರ್ಕಾರಿ ಸುತ್ತೋಲೆ, ಕಾನೂನಿನ ಪುಸ್ತಕ, ಡಿಗ್ರಿಯ ಅರ್ಥಶಾಸ್ತ್ರ. ಇವುಗಳ ವಾಕ್ಯ ಒಂದೇ ಸಲಕ್ಕೆ ಅರ್ಥವಾಗುವವರು ಯಾರಾದರೂ ಇದ್ದಾರಾ? ದಾವಣಗೆರೆಯಲ್ಲಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆ ಅಂತ ಬೆಳಿಗ್ಗೆಯಿಂದ ಲೈಬ್ರರಿಯಲ್ಲಿ ಕೂತು ಓದುವವರ ಪುಸ್ತಕ ತೆಗೆದು ನೋಡಿ. ಒಂದೇ ವಾಕ್ಯದ ಕೆಳಗೆ ಎರಡು ಮೂರು ಬಣ್ಣದ ಗೆರೆ ಇರುತ್ತದೆ. ಅವರಿಗೆ ತಲೆ ಇಲ್ಲ ಅಂತಲ್ಲ. ವಾಕ್ಯವನ್ನು ಪುಟದ ಮೇಲೆ ಕೂರಿಸಿದ ರೀತಿಯೇ ಸರಿ ಇಲ್ಲ ಅನ್ನೋದು ನನ್ನ ವಾದ.

ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ. ನೆಗೆದು ನಿಂತು, ಮತ್ತೆ ನೆಗೆದು ಹೋಗುತ್ತದೆ. ಒಂದು ಸಲ ನಿಂತಾಗ ಇಂಗ್ಲಿಷ್ ಓದುಗರಿಗೆ ಎಡಕ್ಕೆ ಮೂರ್ನಾಲ್ಕು, ಬಲಕ್ಕೆ ಸುಮಾರು 15 ಅಕ್ಷರದಷ್ಟೇ ಉಪಯೋಗಕ್ಕೆ ಬರುತ್ತದೆ ಅಂತ ಸಂಶೋಧಕರಾದ ಮೆಕಾಂಕಿ ಮತ್ತು ರೇನರ್ 1970ರ ದಶಕದಲ್ಲೇ ತೋರಿಸಿದ್ದರು. ಒತ್ತಕ್ಷರಗಳ ನಮ್ಮ ಲಿಪಿಗೆ ಆ ಲೆಕ್ಕ ಹಾಗೇ ಹೊಂದಲ್ಲ, ಆದರೆ ಒಂದು ನೋಟಕ್ಕೆ ಸಿಗುವುದು ಸ್ವಲ್ಪವೇ. ಹೀಗಿದ್ದೂ ನಾವು ಸಾಲು ಮುರಿಯುವುದು ಕಾಗದದ ಅಗಲ ನೋಡಿ, ಅರ್ಥ ನೋಡಿ ಅಲ್ಲ. ಮೊಬೈಲಿನಲ್ಲಂತೂ ಕೇಳಲೇಬೇಡಿ.

ಇದಕ್ಕೆ ಅಮೆರಿಕದ ವಾಕರ್ ತಂಡ ಲೈವ್ ಇಂಕ್ ಅನ್ನೋ ತಂತ್ರ ಮಾಡಿತು. ವಾಕ್ಯವನ್ನು ಸಣ್ಣ ಗುಚ್ಛಗಳಾಗಿ ಒಡೆದು ಒಂದರ ಕೆಳಗೊಂದು ಇಡುವುದು, ಒಳಗಿನ ಉಪವಾಕ್ಯ ಬಂದಂತೆ ಬಲಕ್ಕೆ ಸರಿಸುವುದು, ಕ್ರಿಯಾಪದಕ್ಕೆ ಬೇರೆ ಬಣ್ಣ ಕೊಡುವುದು. ಹೀಗೆ ಓದಿದ ಹೈಸ್ಕೂಲ್ ಮಕ್ಕಳಿಗೆ ಜಾಸ್ತಿ ಅರ್ಥವಾಯಿತು ಅಂತ 2005ರಲ್ಲಿ ಪ್ರಬಂಧ ಬರೆದರು. ಮಾಡಿದವರೇ ಬರೆದದ್ದು, ಹಾಗಾಗಿ ನಾನು ಸ್ವಲ್ಪ ಕಡಿಮೆ ಮಾಡಿಕೊಂಡೇ ಓದುತ್ತೇನೆ. ಆಮೇಲೆ ಸಂಶೋಧಕ ಮಾರ್ಕ್ ವಾರ್ಶೌರ್ ಮತ್ತು ಜೊತೆಗಾರರೂ ಶಾಲೆಗಳಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಪ್ರತಿ ಪದದ ಮೊದಲ ಅಕ್ಷರಗಳನ್ನು ಸುಮ್ನೆ ದಪ್ಪ ಮಾಡುವ ಬಯಾನಿಕ್ ರೀಡಿಂಗ್ ಇದೆಯಲ್ಲ, ಅದೇ ಬೇರೆ. ಅದಕ್ಕೆ ವಾಕ್ಯದ ರಚನೆಯ ಗೊಡವೆಯೇ ಇಲ್ಲ.

ನನಗೆ ಮಜಾ ಅನಿಸಿದ್ದು ಇದನ್ನು ಕನ್ನಡಕ್ಕೆ ತರಲು ಹೋದಾಗ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಮುಖ್ಯ ಮಾತು ಮೊದಲು ಬರುತ್ತದೆ, ಬಾಲ ಬಲಕ್ಕೆ ಇಳಿಯುತ್ತಾ ಹೋಗುತ್ತದೆ. ನಮ್ಮಲ್ಲಿ ಬಾಲವೇ ಮೊದಲು, ಕ್ರಿಯಾಪದ ಕೊನೆಗೆ. ಅಂದಮೇಲೆ ಮೆಟ್ಟಿಲು ಒಳಗಿನಿಂದ ಶುರುವಾಗಿ ಎಡಕ್ಕೆ ಬರಬೇಕು. ಬೇಸಿಗೆ ಬಂತು ಅಂದರೆ ನಮ್ಮ ಕಡೆ ಪೇಪರಿನಲ್ಲಿ ಕಾಣುವಂಥ ಒಂದು ವಾಕ್ಯ ಮಾಡಿ ನೋಡೋಣ:

ಭದ್ರಾ ನಾಲೆಯ ಕೊನೆ ಭಾಗದ ಗದ್ದೆಗಳಿಗೆ ನೀರು ತಲುಪುತ್ತಿಲ್ಲ ಎಂದು ರೈತರು ಕೊಟ್ಟ ದೂರಿನ ಮೇಲೆ ಅಧಿಕಾರಿಗಳು ನಡೆಸಿದ ಪರಿಶೀಲನೆಯಲ್ಲಿ ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ನೀರೆತ್ತುತ್ತಿರುವುದು ಕಂಡುಬಂದಿದೆ.

ಈಗ ಇದನ್ನೇ ಹೀಗೆ:

            ಭದ್ರಾ ನಾಲೆಯ ಕೊನೆ ಭಾಗದ ಗದ್ದೆಗಳಿಗೆ
            ನೀರು ತಲುಪುತ್ತಿಲ್ಲ ಎಂದು
        ರೈತರು ಕೊಟ್ಟ ದೂರಿನ ಮೇಲೆ
    ಅಧಿಕಾರಿಗಳು ನಡೆಸಿದ ಪರಿಶೀಲನೆಯಲ್ಲಿ
        ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು
        ನೀರೆತ್ತುತ್ತಿರುವುದು
ಕಂಡುಬಂದಿದೆ.

ಯಾರು ದೂರು ಕೊಟ್ಟರು, ಯಾರು ಹೋಗಿ ನೋಡಿದರು, ಏನು ಸಿಕ್ಕಿತು, ಎಲ್ಲ ಬೇರೆ ಬೇರೆ ಕಾಣುತ್ತದೆ, ಅಲ್ವಾ? ‘ಪರಿಶೀಲನೆಯಲ್ಲಿ’ ಆದಮೇಲೆ ‘ಮೇಲ್ಭಾಗದಲ್ಲಿ’ ಬರುವ ಕಡೆ ಎರಡು ‘ಅಲ್ಲಿ’ ಒಟ್ಟಿಗೆ ಸೇರಿ ಓದುಗ ಮುಗ್ಗರಿಸುತ್ತಾನೆ. ಅಲ್ಲಿ ಸಾಲು ಮುರಿದರೆ ಅರ್ಧ ಕೆಲಸ ಆದ ಹಾಗೆ. ‘ಎಂದು’ ಆದಮೇಲೆ ಮುರಿಯಿರಿ. ‘ಕೊಟ್ಟ’, ‘ನಡೆಸಿದ’ ತರಹದ ಪದವನ್ನು ಅದರ ನಾಮಪದದಿಂದ ಮಾತ್ರ ಬಿಡಿಸಬೇಡಿ. ಮೊದಲು ಕೊನೆಯ ಕ್ರಿಯಾಪದ ಹುಡುಕಿ, ಆಮೇಲೆ ಮೇಲಿನಿಂದ ಬನ್ನಿ.

ಹೊಸ ಐಡಿಯಾ ಏನಲ್ಲ ಬಿಡಿ. ತಾಳೆಗರಿಯಲ್ಲಿ ವಚನಗಳು ಸಾಲು ಬಿಡದೆ ಒಂದೇ ಸಮ ಬರೆದಿರುತ್ತವೆ. ಇವತ್ತು ನಾವು ಓದುವ ಸಾಲುಗಳು ಅಚ್ಚು ಹಾಕುವಾಗ ಸಂಪಾದಕರು ಅರ್ಥ ನೋಡಿ ಮುರಿದವು. ವಚನಕ್ಕೆ ಸಿಕ್ಕ ಮರ್ಯಾದೆ ಭೂಸ್ವಾಧೀನದ ನೋಟಿಸಿಗೆ ಯಾಕೆ ಬೇಡ?

ಎಲ್ಲದಕ್ಕೂ ಮಾಡಲು ಹೋಗಬೇಡಿ. ಕಥೆ ಕಾದಂಬರಿಗೆ ಮಾಡಿದರೆ ಓಟ ಕೆಡುತ್ತದೆ. ಐದಾರು ಪದದ ವಾಕ್ಯಕ್ಕೆ ಇದು ದಂಡ. ಕಾಗದವೂ ಜಾಸ್ತಿ ಹಿಡಿಯುತ್ತದೆ, ಝೆರಾಕ್ಸ್ ಮಾಡಿಸುವವರಿಗೆ ಅದು ಸಣ್ಣ ಮಾತಲ್ಲ. ನಾನು ಸದ್ಯ ನೋಟ್‌ಪ್ಯಾಡಿನಲ್ಲಿ ಕೈಯಲ್ಲೇ ಒಡೆಯುತ್ತೇನೆ, ಅದೂ ಎರಡು ಸಲ ಓದಿದರೂ ಬಗ್ಗದ ವಾಕ್ಯಗಳನ್ನು ಮಾತ್ರ. ಕಂಪ್ಯೂಟರಿಗೆ ಬಿಟ್ಟರೂ ಆಗುತ್ತದೆ, ಆದರೆ ಒಡೆಯುವ ಹೊತ್ತಿಗೇ ಅರ್ಧ ಅರ್ಥ ಆಗಿಬಿಟ್ಟಿರುತ್ತದೆ, ಹಾಗಾಗಿ ಪರೀಕ್ಷೆಗೆ ಓದುವವರು ಕೈಯಲ್ಲೇ ಮಾಡಿಕೊಳ್ಳಿ ಅಂತ ಹೇಳುತ್ತೇನೆ.