ಕಲಬುರಗಿಯ ಟ್ಯಾಂಕಿನಲ್ಲಿ ಅಳಿವೆ: ಪಿಎಚ್ ಇಳಿಯಿತು!

ಅಳಿವೆಯ, ಅಂದರೆ ಹೊಳೆ ಕಡಲಿಗೆ ಸೇರುವ ಜಾಗದ, ಮಾದರಿಯನ್ನು ಟ್ಯಾಂಕಿನಲ್ಲಿ ಮಾಡುತ್ತಿದ್ದೇನೆ. ಅದರ ಹೊಳೆಯ ತುದಿಯಲ್ಲಿ ಬೆಳಗಿನ ಪಿಎಚ್ (ನೀರಿನ ಆಮ್ಲ–ಕ್ಷಾರದ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) 7.0! ಎರಡು ಟ್ಯಾಂಕಿನ ನಡುವೆ ಟೈಮರು, ಪಂಪಿನಿಂದ ಉಬ್ಬರ–ಇಳಿತ ಮಾಡುವ ವಿವರ ಇಲ್ಲಿ ಬೇಡ. ತಲೆ ತಿಂದ ಸಮಸ್ಯೆಯನ್ನಷ್ಟೇ ಬರೆಯುತ್ತೇನೆ.

ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಅಳಿವೆಯ ಮಾದರಿಯಲ್ಲಿ ಪಿಎಚ್ ಸಮುದ್ರದ ಕಡೆ 8.1, ಹೊಳೆಯ ಕಡೆ 7ರ ಆಸುಪಾಸು ಬೇಕಿತ್ತು. ರಾತ್ರಿ ಕೆಸರಿನ ಬ್ಯಾಕ್ಟೀರಿಯಾ ಬಿಡುವ ಇಂಗಾಲದ ಡೈಆಕ್ಸೈಡ್ ಪಿಎಚ್ ಇಳಿಸಬೇಕು, ಹಗಲು ಪಾಚಿ ಅದನ್ನು ಹೀರಿ ಏರಿಸಬೇಕು. ಕೆಸರು ಹಾಕಿದೆ, ಒಣಗಿದ ಬಾದಾಮಿ ಎಲೆ ಹಾಕಿದೆ. ಹೊಳೆಯ ತುದಿ 8 ಬಿಟ್ಟು ಕದಲಲಿಲ್ಲ.

ಮೀಟರಿನ ಮೇಲೆ ಅನುಮಾನ ಬಂತು. ಮೀಟರನ್ನು ಸರಿಹೊಂದಿಸಲು (ಕ್ಯಾಲಿಬ್ರೇಶನ್‌ಗೆ) ಆನ್‌ಲೈನಿನಲ್ಲಿ ತರಿಸಿದ, ಗೊತ್ತಾದ ಪಿಎಚ್ ಕೊಡುವ ಬಫರ್ ಪುಡಿ ತೇವ ಹಿಡಿದು ಗಡ್ಡೆಯಾಗಿತ್ತು. ಬದಲಿಸಿ ಕೊಡಿ ಅಂದರೆ ಮಾರಿದವರು ಮತ್ತೆ ಮತ್ತೆ ಫೋಟೊ ಕೇಳುತ್ತಾರೆ. ಕ್ಯಾಲಿಬ್ರೇಶನ್ ಸಾಮಾನನ್ನು ಹೀಗೆ ಕಳಿಸಿದರೆ ಯಾವ ರೀಡಿಂಗ್ ನಂಬುವುದು? ಬೇರೆ ಕಡೆಯ ಬಫರ್ ತಂದೆ. ಮೀಟರು ಸರಿಯಾಗಿಯೇ ಇತ್ತು.

ಉತ್ತರ ಸಿಕ್ಕಿದ್ದು ಕೆಎಚ್ ಕಿಟ್‌ನಲ್ಲಿ. ಕೆಎಚ್ ಅಂದರೆ ನೀರಿನಲ್ಲಿ ಕರಗಿದ, ಆಮ್ಲವನ್ನು ತಡೆದು ಪಿಎಚ್ ಇಳಿಯಗೊಡದ ಬೈಕಾರ್ಬೊನೇಟಿನ ಅಳತೆ; ಅದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಸಮುದ್ರದ ನೀರೇ ಸುಮಾರು 7 ಡಿಗ್ರಿ, ನಮ್ಮ ಬೋರ್ ನೀರು 16! ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯೆಲ್ಲ ನೆಲದಡಿ ಸುಣ್ಣದಕಲ್ಲು. ಮನೆಗೆ ಹಾಸುವ ಫರ್ಸಿಯೂ ಅದೇ. ಆ ಕಲ್ಲಿನೊಳಗಿಂದ ಬರುವ ನೀರಿನಲ್ಲಿ ಬೈಕಾರ್ಬೊನೇಟ್ ತುಂಬಿರುತ್ತದೆ. ಇಂಗಾಲದ ಡೈಆಕ್ಸೈಡ್ ಅಷ್ಟೇ ಇದ್ದರೂ, ಬೈಕಾರ್ಬೊನೇಟ್ ಹೆಚ್ಚಿದಷ್ಟೂ ಪಿಎಚ್ ಮೇಲೆ ನಿಲ್ಲುತ್ತದೆ. ಕೆಎಚ್ 16ರಿಂದ 2ಕ್ಕೆ ಬಂದರೆ ಪಿಎಚ್ ಸುಮಾರು 0.9 ಇಳಿಯಬೇಕು. ಅಘನಾಶಿನಿಯಲ್ಲಾದರೆ ಘಟ್ಟದ ಮಳೆನೀರು ಜಂಬಿಟ್ಟಿಗೆ ನೆಲದ ಮೇಲೆ ಹರಿದು ಬರುವಾಗ ಇಷ್ಟು ಸುಣ್ಣ ಎಲ್ಲಿಂದ ಸಿಗಬೇಕು?

ಮಾಳಿಗೆಯ ಮಳೆನೀರಿಗೆ ಸ್ವಲ್ಪ ಬೋರ್ ನೀರು ಬೆರೆಸಿ ಕೆಎಚ್ 2 ಮಾಡಿದೆ. ನೀರಿಗೆ ಗಾಳಿ ಊದುವ ಏರ್‌ಸ್ಟೋನಿನ ಗುಳ್ಳೆಗಳು ಇಂಗಾಲದ ಡೈಆಕ್ಸೈಡನ್ನು ಹೊರಗೆ ಓಡಿಸುತ್ತವೆ ಎಂದು ರಾತ್ರಿ ಗಾಳಿಯನ್ನೂ ತಗ್ಗಿಸಿದೆ. ಬೆಳಿಗ್ಗೆ 7.0, ಮಧ್ಯಾಹ್ನ ಮೇಲಕ್ಕೆ. ಖುಷಿಗೆ ಪಾರವೇ ಇಲ್ಲ.

ಹಾಗಂತ ಬೋರ್ ನೀರನ್ನು ಚೆಲ್ಲುವುದಿಲ್ಲ. ನಮ್ಮ ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ ಸೇರಿ, ಆಂಧ್ರದ ಹಂಸಲದೀವಿಯಲ್ಲಿ ಕಡಲು ಮುಟ್ಟುತ್ತವೆ. ಮುಂದಿನ ಟ್ಯಾಂಕು ಆ ಅಳಿವೆ! ಬೈಕಾರ್ಬೊನೇಟ್ ಹೆಚ್ಚಿರುವ ಹೊಳೆ ಕಡಲಿಗೆ ಬೆರೆಯುವಾಗ ಪಿಎಚ್ ನೇರವಾಗಿ ಏರುವುದಿಲ್ಲ. ಸ್ವಲ್ಪ ಉಪ್ಪು ಸೇರುತ್ತಲೇ, ಕರಗಿದ ಇಂಗಾಲದ ಡೈಆಕ್ಸೈಡಿನಿಂದಾಗುವ ಕಾರ್ಬಾನಿಕ್ ಆಮ್ಲ ಹೆಚ್ಚು ಸುಲಭವಾಗಿ ಒಡೆದು ನೀರನ್ನು ಆಮ್ಲದ ಕಡೆ ಎಳೆಯುವುದರಿಂದ, ಮೊದಲು ತುಸು ಕುಸಿದು ಆಮೇಲೆ ಏರುತ್ತದೆ. ಆ ತಗ್ಗು ಎಷ್ಟು ಉಪ್ಪಿಗೆ ಬೀಳುತ್ತದೆಂದು ನೋಡಬೇಕು. ನೀರು ಬೆರೆಸುವ ಡ್ರಮ್ಮುಗಳಿಗೆ ಅಳತೆಯ ಗೆರೆ ಹಾಕಿಯಾಗಿದೆ, ಕಡಲುಪ್ಪಿನ ಮಿಶ್ರಣ ಬರುವುದೊಂದೇ ಬಾಕಿ.