ಆ ಊರಿನವರು ಎಲ್ಲಿ?

21 ಜುಲೈ 2024, ಭಾನುವಾರ

ಪ್ರಸನ್ನ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ. ಪಟ್ಟಿ ಎಲ್ಲಿಗೆ ಬಂತು? ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು ಆರಿಸಿದ ನೂರು ಸಿನಿಮಾಗಳ ಪಟ್ಟಿ ಅದು. ಮೊದಲು ಬಂದಿದ್ದು 1998ರಲ್ಲಿ. ಅವನು ನನಗೆ ಕಳಿಸಿದ್ದು 2007ರಲ್ಲಿ ಪರಿಷ್ಕರಿಸಿದ್ದು. ನಾನು ಕ್ರಮವಾಗಿ ನೋಡುತ್ತಿಲ್ಲ. ಯಾವ ದಿನ ಮನಸ್ಸು ಯಾವುದನ್ನು ಕೇಳುತ್ತೋ ಅದು. ಮೊದಲ ಸ್ಥಾನದ ‘ಸಿಟಿಜನ್ ಕೇನ್’ ನೋಡಿ ಮೆಚ್ಚಿದೆ, ಆದರೆ ಅದು ನನ್ನದಾಗಲಿಲ್ಲ. ‘12 ಆಂಗ್ರಿ ಮೆನ್’ ನೋಡಿದ ರಾತ್ರಿ ನಿದ್ದೆಯೇ ಹತ್ತಲಿಲ್ಲ.

ಇವತ್ತು ಮೂರನೇ ಸ್ಥಾನದ್ದು, ‘ಕಾಸಾಬ್ಲಾಂಕಾ’. ಮಳೆ ಹಿಡಿದುಕೊಂಡಿತ್ತು, ಹೊರಗೆ ಹೋಗುವ ಮಾತೇ ಇರಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದರು. ಇಂಗ್ಲಿಷ್ ಅವರಿಗೆ ಅಷ್ಟು ತಿಳಿಯುವುದಿಲ್ಲ. ನಡುನಡುವೆ ನಾನು ಕಥೆ ಹೇಳುತ್ತಿದ್ದೆ. ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದವರೆಲ್ಲ ಕಾಸಾಬ್ಲಾಂಕಾ ಅನ್ನೋ ಈ ಊರಲ್ಲಿ ಸಿಕ್ಕಿಹಾಕಿಕೊಂಡಿದ್ದಾರಮ್ಮ, ಲಿಸ್ಬನ್‌ಗೆ ಹೋಗಿ ಅಲ್ಲಿಂದ ಅಮೆರಿಕಕ್ಕೆ ಹಡಗು ಹಿಡಿಯಬೇಕು, ಅದಕ್ಕೆ ಬೇಕಾದ ಕಾಗದಪತ್ರ ಸಿಗ್ತಿಲ್ಲ ಅಂತ. ನಾಯಕ ಬೋಗಾರ್ಟ್, ನಾಯಕಿ ಬರ್ಗ್‌ಮನ್ ಪ್ರೇಮಕಥೆ ಅವರಿಗೆ ಬೇಗ ಅರ್ಥವಾಯಿತು. ಅದರ ಬಗ್ಗೆ ಏನೂ ಕೇಳಲಿಲ್ಲ.

ಆ ಹಾಡು ಬಂದಾಗ ಮಾತ್ರ ಅಮ್ಮನ ಕೈ ನಿಂತಿತು. ಬೋಗಾರ್ಟ್‌ನ ಪಾತ್ರದ ಹೆಸರು ರಿಕ್. ಅವನ ಹೋಟೆಲಿನಲ್ಲಿ ಜರ್ಮನ್ ಅಧಿಕಾರಿಗಳು ಪಿಯಾನೊ ಸುತ್ತ ನಿಂತು ಜೋರಾಗಿ ತಮ್ಮ ಹಾಡು ಹಾಡುತ್ತಾರೆ. ನಾಜಿಗಳ ವಿರುದ್ಧ ಹೋರಾಡುವ ಲಾಸ್ಲೋ ಸೀದಾ ಬ್ಯಾಂಡಿನವರ ಹತ್ತಿರ ಹೋಗಿ ಫ್ರಾನ್ಸ್‌ನ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ಅವರು ರಿಕ್ ಕಡೆ ನೋಡುತ್ತಾರೆ. ರಿಕ್ ತಲೆಯಾಡಿಸುತ್ತಾನೆ. ಅಷ್ಟೇ, ಇಡೀ ಹೋಟೆಲ್ ಎದ್ದು ನಿಂತು ಹಾಡುತ್ತದೆ. ಜರ್ಮನ್ನರ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಅವತ್ತೇ ಜರ್ಮನ್ ಸೈನಿಕನ ಜೊತೆ ಬಂದಿದ್ದ ಯಿವಾನ್ ಅನ್ನೋ ಹುಡುಗಿ ಕೆನ್ನೆ ಮೇಲೆ ನೀರು ಇಳಿಯುತ್ತಿದ್ದರೂ ಹಾಡುತ್ತಾಳೆ.

“ಆ ಹುಡುಗಿ ನಿಜವಾಗ್ಲೂ ಅಳ್ತಿದ್ದಾಳೆ ಕಣೆ” ಅಂದರು ಅಮ್ಮ.

ನಾನು ಸುಮ್ನೆ ಹೂಂ ಅಂದೆ. ಮಧ್ಯಾಹ್ನ ಓದಲು ಕೂತಾಗ ಮೈ ಜುಮ್ ಅಂದಿತು. ಆಕೆ ಮೆಡಲೀನ್ ಲೆಬೋ. ಪ್ಯಾರಿಸ್‌ಗೆ ಜರ್ಮನ್ನರು ನುಗ್ಗುವ ಮುಂಚೆ, 1940ರ ಜೂನ್‌ನಲ್ಲಿ, ಗಂಡ ಮಾರ್ಸೆಲ್ ದಾಲಿಯೋ ಜೊತೆ ಓಡಿ ಬಂದವಳು. ದಾಲಿಯೋ ಯಹೂದಿ. ಇಬ್ಬರೂ ಲಿಸ್ಬನ್ ತಲುಪಿ, ಚಿಲಿ ದೇಶದ ವೀಸಾ ಹಿಡಿದು ಹಡಗು ಹತ್ತಿದರೆ, ಮೆಕ್ಸಿಕೊದಲ್ಲಿ ಆ ವೀಸಾ ನಕಲಿ ಅಂತ ಗೊತ್ತಾಯಿತು. ಆಮೇಲೆ ಕೆನಡಾದ ತಾತ್ಕಾಲಿಕ ಪಾಸ್‌ಪೋರ್ಟ್ ಸಿಕ್ಕಿ ಅಮೆರಿಕ ಸೇರಿದರು. ಅಂದರೆ ಸಿನಿಮಾದ ಕಥೆಯನ್ನು ಅವರು ಬದುಕಿಯೇ ಬಂದಿದ್ದರು. ಹಾಡಿದಾಗ ಆಕೆಗೆ 19ರ ಆಸುಪಾಸು. ಬಿಟ್ಟು ಬಂದ ಪ್ಯಾರಿಸ್ ಇನ್ನೂ ಜರ್ಮನ್ನರ ಕೈಯಲ್ಲೇ ಇತ್ತು.

ಆಕೆ ಒಬ್ಬಳೇ ಅಲ್ಲ. ಹೆಸರು ಕಾಣಿಸುವ ನಟರಲ್ಲಿ ಅಮೆರಿಕದಲ್ಲಿ ಹುಟ್ಟಿದವರು ಮೂವರೇ. ನಾಜಿ ಮೇಜರ್ ಆಗಿರುವ ಕಾನ್ರಾಡ್ ವೈಟ್‌ನ ಹೆಂಡತಿ ಯಹೂದಿ, ಹಿಟ್ಲರ್ ಬಂದ 1933ರಲ್ಲೇ ಆತ ಜರ್ಮನಿ ಬಿಟ್ಟಿದ್ದ. ಯಾರಿಂದ ಓಡಿ ಬಂದರೋ ಅವರದೇ ಸಮವಸ್ತ್ರ ಹಾಕಿಕೊಂಡು ಕ್ಯಾಮೆರಾ ಮುಂದೆ ನಿಲ್ಲಬೇಕು. ದಿನಾ ಬೆಳಿಗ್ಗೆ ಆ ಬಟ್ಟೆ ತೊಡುವಾಗ ಹೇಗನಿಸುತ್ತಿತ್ತೋ.

“ಯುದ್ಧದ ಪ್ರಚಾರಕ್ಕೆ ಮಾಡಿದ ಸಿನಿಮಾ, ಅಷ್ಟೊಂದು ಹಚ್ಕೋಬೇಡ” ಅಂದ ಪ್ರಸನ್ನ. ಸಿಟ್ಟು ಬಂತು. ಯುದ್ಧಕ್ಕೆ ಜನರನ್ನು ಹುರಿದುಂಬಿಸೋ ಸಿನಿಮಾ ಅನ್ನೋದು ನಿಜ. ಆದರೆ ಚಿತ್ರೀಕರಣ ನಡೆದ 1942ರ ಬೇಸಿಗೆಯಲ್ಲಿ ಯುದ್ಧ ಯಾರು ಗೆಲ್ಲುತ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ದಾಲಿಯೋನ ಅಪ್ಪ ಅಮ್ಮ ನಾಜಿ ಶಿಬಿರಗಳಲ್ಲಿ ಸತ್ತರು. ಅಂಥವರು ನಿಂತು ಹಾಡಿದ್ದನ್ನು ಪ್ರಚಾರ ಅಂತ ಒಂದೇ ಮಾತಲ್ಲಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಮ್ಮ ಕೇಳಿದರು: “ಅದು ಯಾವ ದೇಶದ ಊರು ಅಂದೆ?”

ಮೊರಾಕೊ ಅಂದೆ.

“ಹಾಗಾದ್ರೆ ಆ ಊರಿನವರು ಎಲ್ಲಿ? ಬರೀ ಬಂದವರೇ ಕಾಣ್ತಿದ್ದಾರಲ್ಲ.”

ನಿಜ ಅಲ್ವಾ? ಬಾಗಿಲು ಕಾಯುವ ಅಬ್ದುಲ್ ಇದ್ದಾನೆ. ಆ ಪಾತ್ರ ಮಾಡಿದವರೂ ಷಿಕಾಗೊದಲ್ಲಿ ಹುಟ್ಟಿದವರು. ಸಂತೆಯಲ್ಲಿ ಬಟ್ಟೆ ಮಾರುವವನಿದ್ದಾನೆ. ಮುಗೀತು. ಮೊರಾಕೊ 1912ರಿಂದ ಫ್ರೆಂಚರ ಕೈಯಲ್ಲಿತ್ತು, ಬಿಡುಗಡೆ ಆಗಿದ್ದು 1956ರಲ್ಲಿ. ಅಲ್ಲಿನವರ ಕಿವಿಗೆ ಆ ಹಾಡು ಆಳುವವರ ಹಾಡು. ನಾನು ಮೈಮರೆತು ನೋಡಿದ ಜಾಗದಲ್ಲಿ ಅಮ್ಮನಿಗೆ ಇದು ಹೊಳೆಯಿತು. ಅವರ ತವರು ಶಿಕಾರಿಪುರದ ಕಡೆ. 1942 ಅಂದರೆ ಅವರಿಗೆ ಮೊದಲು ನೆನಪಾಗುವುದು ಈಸೂರು. ಚಿತ್ರೀಕರಣ ಮುಗಿದ ವಾರದಲ್ಲೇ ಇಲ್ಲಿ ಗಾಂಧೀಜಿ ಬ್ರಿಟಿಷರಿಗೆ ಭಾರತ ಬಿಟ್ಟು ತೊಲಗಿ ಅಂದರು. ಮುಂದಿನ ತಿಂಗಳು ಈಸೂರಿನವರು ನಾವು ಸ್ವತಂತ್ರರು ಅಂತ ಸಾರಿದರು. ಆಮೇಲೆ ಐದು ಜನ ನೇಣಿಗೇರಿದರು. ಒಂದೇ ವರ್ಷ, ಸ್ವಾತಂತ್ರ್ಯದ್ದೇ ಕೂಗು. ಯಿವಾನ್‌ಳ ಕಣ್ಣೀರೂ ಸುಳ್ಳಲ್ಲ, ಅಮ್ಮನ ಪ್ರಶ್ನೆಯೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಹೇಗೆ ನೋಡುವುದು?

ಮುದ್ದೆ ಜೊತೆ ಬಸ್ಸಾರು ಇವತ್ತು ಬಹಳ ಚೆನ್ನಾಗಿತ್ತು. ಊಟ ಮಾಡುವಾಗ ಅಮ್ಮ ಮತ್ತೆ ಆ ಹುಡುಗಿಯ ವಿಷಯಕ್ಕೇ ಬಂದರು. ಮುಂದೆ ಏನಾದಳು? ಯುದ್ಧ ಮುಗಿದ ಮೇಲೆ ಫ್ರಾನ್ಸ್‌ಗೆ ವಾಪಸ್ ಹೋದಳಮ್ಮ, 2016ರವರೆಗೂ ಬದುಕಿದ್ದಳು ಅಂದೆ. ಗಂಡ? 1942ರಲ್ಲೇ, ಚಿತ್ರೀಕರಣ ನಡೆಯುತ್ತಿರುವಾಗಲೇ ದಾಲಿಯೋ ವಿಚ್ಛೇದನಕ್ಕೆ ಅರ್ಜಿ ಹಾಕಿದ.

“ಅಯ್ಯೋ, ಅಷ್ಟು ದೂರ ಜೊತೆಗೆ ಓಡಿ ಬಂದು?”

ಆತನೂ ಇದೇ ಸಿನಿಮಾದಲ್ಲಿ ಇದ್ದಾನೆ. ಜೂಜಿನ ಮೇಜು ನೋಡಿಕೊಳ್ಳುವ ಎಮಿಲ್. ಒಂದೇ ಸೆಟ್ಟು, ಒಂದೇ ಹೋಟೆಲು. ಆ ಹಾಡಿನ ಹೊತ್ತಿಗೆ ಎಮಿಲ್ ಎಲ್ಲಿರುತ್ತಾನೆ? ಒಳಗಿನ ಕೋಣೆಯಲ್ಲಾ, ಇಲ್ಲ ಇವಳಿಗೆ ಕಾಣುವ ಹಾಗೆ ಇಲ್ಲೇ ಎಲ್ಲಾದರೂ? ಅಮ್ಮ ಇನ್ನೂ ಮಲಗಿಲ್ಲ. ಆ ಭಾಗ ಒಂದನ್ನೇ ಈಗ ಮತ್ತೆ ಹಾಕಿದರೆ…